ಬಿಳಿ ಬಾನೆಟ್ಟಿನ ಮೇಲೆ ಕೆಂಪು ನೀರು

ನಂಜನಗೂಡಿನ ಸೇತುವೆಗೆ ಕಿವಿಯಾನಿಸಿ ಮಲಗಿದರೆ, ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆ ತಿ. ನರಸೀಪುರದಲ್ಲಿ ನಿಂತ ಕಾರಿನ ರೇಡಿಯೇಟರಿನಲ್ಲಿ ಎಷ್ಟು ಲೋಟ ನೀರಿದೆ ಎಂದು ನಾನು ಹೇಳಬಲ್ಲೆ. ಆ ನೀರು ಕಪಿಲೆಯದೋ ಕಾವೇರಿಯದೋ ಎಂಬುದನ್ನೂ ಹೇಳಬಲ್ಲೆ. ಒಮ್ಮೆ ಹೀಗೆ ಮಲಗಿ ಆಲಿಸುತ್ತಿದ್ದಾಗ ಹದಿನೇಳು ಲಾರಿಗಳು ಹಿಂದೆ ಸಾಲುಗಟ್ಟಿ, ನಾನು ಏಳುವವರೆಗೆ ಒಂದು ಹಾರನ್ ಸಹ ಹೊಡೆಯದೆ ಕಾದವು. ನಂಬದವರು ಆ ಲಾರಿಗಳನ್ನೇ ಕೇಳಬಹುದು.

ಇವತ್ತು ಮಾತ್ರ ಕಿವಿಯಿಡುವ ಅಗತ್ಯ ಬೀಳಲಿಲ್ಲ. ಕಾರು ನನ್ನ ಮೂಗಿನ ಮುಂದೆಯೇ ಬುಸುಗುಡುತ್ತಿತ್ತು.

"ದೂರ ನಿಂತ್ಕೊಳಿ ಮೇಡಮ್ಮೋರೇ! ಈ ಚಿಕ್ಕಮಾದು ಇರೋಗಂಟ ನಿಮ್ಮೇಲೆ ಒಂದ್ ಹನಿ ಬೀಳಾಕಿಲ್ಲ!" ಎಂದು ಕೂಗಿದೆ.

"ನಾನು ದೂರಾನೇ ನಿಂತಿದೀನಿ ಕಣಪ್ಪ. ಆವಿ ಮುಂದೆ ನಿಂತಿರೋನು ನೀನು," ಎಂದರು ಯಶೋಧರಾ ಮೇಡಂ.

ಎರಡು ಹೆಜ್ಜೆ ಹಿಂದೆ ಸರಿದೆ. ಹೆದರಿ ಅಲ್ಲ, ಕೋನ ಬದಲಿಸಲು.

"ಈ ಕಾರಿನ ನೀರು ಕುಡಿಯುವ ಕಳ್ಳ ಕಾರಿನೊಳಗೇ ಕೂತಿದ್ದಾನೆ" ಎಂದು ಹೋದ ವಾರ ನಾನು ಘೋಷಿಸಿದ್ದೆನಲ್ಲ, ಆ ಕಳ್ಳನನ್ನು ಹಿಡಿಯುವ ದಿನ ಇದು.

ಕಾರು ಬಿಳಿ ಅಂಬಾಸಡರ್. ಒಡತಿ ಯಶೋಧರಾ ಮೇಡಂ, ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರಿಂದ ಪಾಠ ಹೇಳಿಸಿಕೊಂಡ ಸಾವಿರಾರು ಮಕ್ಕಳಲ್ಲಿ ಅತ್ಯಂತ ಬುದ್ಧಿವಂತ ನಾನೇ ಎಂದು ಅವರು ಹೇಳಿಲ್ಲ. ಹೇಳಲು ಸಂಕೋಚ ಇರಬೇಕು. ನಿವೃತ್ತಿಯಾದ ಮೇಲೆ ಅವರು ಈ ಕಾರನ್ನು ಕಾಯಿಲೆಯವರಿಗೆಂದೇ ಇಟ್ಟಿದ್ದಾರೆ. ವಾರಕ್ಕೆ ಎರಡು ಸಲ ಚಿಕ್ಕಯ್ಯನಛತ್ರದ ಪಾಪಮ್ಮನನ್ನು ಡಯಾಲಿಸಿಸ್ಸಿಗಾಗಿ ನರಸೀಪುರಕ್ಕೆ ಕರೆದೊಯ್ಯುವುದು ಈ ಕಾರೇ. ಚಕ್ರ ಹಿಡಿಯುವವರು ಬೆಟ್ಟಯ್ಯ. ಐವತ್ತೆಂಟು ವರ್ಷ, ಮಾತು ಕಮ್ಮಿ, ಅವರ ಮನೆಯ ಅನ್ನ ಈ ಸ್ಟೇರಿಂಗಿನಿಂದಲೇ.

ಒಂದು ತಿಂಗಳಿಂದ ಕಾರು ದಾರಿಯಲ್ಲಿ ಕುದಿಯಲು ಹತ್ತಿತ್ತು. ನಂಜನಗೂಡಿನೊಳಗೆ ಸುತ್ತಿಸಿದರೆ ಏನೂ ಇಲ್ಲ. ಇಪ್ಪತ್ತು ಕಿಲೋಮೀಟರ್ ದಾಟಿತೋ, ಮೀಟರಿನ ಮುಳ್ಳು ಕೆಂಪು ಗೆರೆ ಹತ್ತಿ ಕೂರುತ್ತದೆ. ಹೋದ ವಾರ ಪಾಪಮ್ಮ ಬಿಸಿಲಲ್ಲಿ ಒಂದು ಗಂಟೆ ಕೂತು, ಸರದಿ ತಪ್ಪಿ, ಕಾಲು ಊದಿಸಿಕೊಂಡು ವಾಪಸಾದರು. ಇವತ್ತು ಕಾರಿನ ಮೆಕ್ಯಾನಿಕ್ಕಾದ ನಾನೂ ಜೊತೆಗೆ ಹತ್ತಿದ್ದೆ; ಆಸ್ಪತ್ರೆಯ ಗೇಟಿನವರೆಗೆ ಹೇಗೋ ಬಂತು. ಸೊಸೆ ವನಜಾಕ್ಷಿಯ ಹೆಗಲು ಹಿಡಿದು ಪಾಪಮ್ಮ ಒಳಗೆ ಹೋದದ್ದೇ ತಡ, ಬಾನೆಟ್ ಉಗುಳಿತು.

"ಪಾಪಮ್ಮ ಹೊರಗೆ ಬರೋಕೆ ನಾಲ್ಕು ಗಂಟೆ ಇದೆ," ಎಂದರು ಮೇಡಂ. "ಅಷ್ಟರೊಳಗೆ ಇದು ತೀರ್ಮಾನ ಆಗ್ಬೇಕು. ನೀನು ಹೇಳೋ ಹಾಗೆ ಬೆಟ್ಟಯ್ಯನೋರೇ ಕಾರಿಗೆ ಏನಾದ್ರೂ ಮಾಡಿದ್ರೆ, ಕೀ ಇಸ್ಕೊಂಡು ಕಳಿಸ್ಬಿಡ್ತೀನಿ. ಕಾಯಿಲೆ ಮನುಷ್ಯರ ವಿಷಯ ಇದು."

ಬೆಟ್ಟಯ್ಯ ಜೇಬಿನಿಂದ ಕೀ ತೆಗೆದು ಮೇಡಂ ಕೈಯಲ್ಲಿಟ್ಟರು.

"ತೀರ್ಮಾನ ಆಗೋಗಂಟ ನಿಮ್ತಾವೇ ಇರ್ಲಿ ಕಣವ್ವ."

ನಾನು ಪತ್ತೇದಾರಿಕೆ ಶುರುಮಾಡಿದೆ. ಫ್ಯಾನ್ ಬೆಲ್ಟ್ ಒತ್ತಿದೆ, ಬಿಗಿಯಾಗಿತ್ತು. ರಬ್ಬರ್ ಪೈಪುಗಳನ್ನು ಹಿಂಡಿದೆ, ಎಲ್ಲೂ ಸೀಳಿಲ್ಲ. ವಾಟರ್ ಪಂಪಿನ ಕೆಳಗೆ ಬೆರಳಾಡಿಸಿದೆ, ಒಣಗಿತ್ತು. ಬೇರೆ ಮೆಕ್ಯಾನಿಕ್ಕುಗಳಿಗೆ ಇಷ್ಟಕ್ಕೆ ಇಡೀ ದಿನ ಬೇಕು. ನನಗೆ ಮೂರು ಸೆಕೆಂಡು.

"ಇಪ್ಪತ್ತೈದು ನಿಮಿಷ ಆಯ್ತು," ಎಂದರು ಮೇಡಂ, ವಾಚು ನೋಡಿಕೊಂಡು.

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಹೋದೆ. ಬೆಟ್ಟಯ್ಯ ನನ್ನ ಮಣಿಕಟ್ಟು ಹಿಡಿದು, ಒದ್ದೆ ಗೋಣಿತಾಟು ಅದರ ಮೇಲೆ ಹೊದಿಸಿದರು.

"ತಣ್ಗಾಗ್ಲಿ ತಡಿಯಪ್ಪ. ಈಗ ತಗುದ್ರೆ ಮೊಖ ಬೆಂದೋಯ್ತದೆ."

ಆಗ ನನ್ನ ಹದ್ದಿನ ಕಣ್ಣಿಗೆ ಅದು ಬಿತ್ತು. ಉಗುಳಿದ ನೀರು ಬಿಳಿ ಬಾನೆಟ್ಟಿನ ಮೇಲೆ ಗೆರೆ ಗೆರೆಯಾಗಿ ಇಳಿದಿತ್ತು. ಬಂಪರಿನ ಕೆಳಗೆ ಅಂಗೈಯಗಲ ಮಡುಗಟ್ಟಿತ್ತು. ಅದು ಕೆಂಪಗಿತ್ತು.

ತುಕ್ಕಿನ ಕೆಂಪಲ್ಲ. ತುಕ್ಕು ಕೆಮ್ಮಣ್ಣಿನ ಹಾಗಿರುತ್ತದೆ. ಇದು ಮದುಮಕ್ಕಳ ಮುಂದೆ ಎತ್ತಿ ಬೀದಿಗೆ ಚೆಲ್ಲುತ್ತಾರಲ್ಲ, ಆ ಆರತಿ ನೀರಿನ ಕೆಂಪು.

"ಮಾಟ!" ಎಂದು ಕೂಗಿದೆ.

ನರಸೀಪುರದ ಅರ್ಧ ಊರು ಓಡಿಬಂತು. ಸರಿಯಾಗಿ ಎಣಿಸಿದರೆ ಏಳೆಂಟು ಜನ ಇದ್ದಿರಬಹುದು. ರೋಗಿಗಳ ಕಡೆಯವರು, ಹಣ್ಣಿನ ಗಾಡಿಯವನು, ಎದುರಿನ ಮೆಸ್ಸಿನ ಚಲುವಮ್ಮ. ಇಷ್ಟು ಸಭೆ ಸೇರಿದ ಮೇಲೆ ನನ್ನನ್ನು ತಡೆಯುವವರು ಯಾರು? ಡ್ರೈವರ್ ಸೀಟಿನ ಕೆಳಗೆ ಕೈಹಾಕಿ ಬೆಟ್ಟಯ್ಯನ ಬಟ್ಟೆ ಚೀಲ ಎಳೆದೆ. ಊಟದ ಡಬ್ಬಿ, ಟವೆಲ್ಲು, ಅದರಡಿ ಮಡಿಸಿದ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಬಿಳಿ ಪುಡಿ, ಅರ್ಧ ಖಾಲಿ.

"ಇದೇನ್ ಬೆಟ್ಟಣ್ಣ?"

ಬೆಟ್ಟಯ್ಯ ತಲೆ ತಗ್ಗಿಸಿದರು. "ಸೋಡಾ."

"ಕುಡಿಯೋದಾ?"

"ಬಟ್ಟೆ ಒಗಿಯೋದು ಕಣಪ್ಪ."

"ಆಸ್ಪತ್ರೆಗೆ ಯಾರ್ ಬಟ್ಟೆ ಒಗಿಯಕ್ ಬಂದಿದ್ರಿ?"

ಗುಂಪು ಗೊಳ್ಳೆಂದು ನಕ್ಕಿತು. ನನ್ನ ಎದೆ ಉಬ್ಬಿತು. ಆ ನಗುವನ್ನು ಈಗ ನೆನೆದರೆ ಮೈ ಕುಗ್ಗುತ್ತದೆ.

"ಕಾರಿಗೆ ಆಕ್ದೆ," ಎಂದರು ಬೆಟ್ಟಯ್ಯ. ಅವರು ನನ್ನನ್ನು ನೋಡುತ್ತಿರಲಿಲ್ಲ, ಮೇಡಂ ಮುಖವನ್ನೇ ನೋಡುತ್ತಿದ್ದರು. "ತಾಂಡವಪುರದ ತಾವ ಲಾರಿಯೋರು ಏಳುದ್ರು. ರೇಡಿಯೇಟರ್ ಒಳ್ಗೆ ಕಸ ಕಟ್ಕಂಡಿದ್ರೆ, ಸೋಡಾ ಆಕಿ ಒಂದ್ ಟ್ರಿಪ್ ಓಡ್ಸಿ, ಆಮೇಕೆ ನೀರ್ ಬಸ್ದು ತೊಳುದ್ರೆ ಬುಟ್ಕತದೆ ಅಂತ. ಬೆಳಿಗ್ಗೆ ಆಕ್ದೆ. ನಿಮ್ಗೇಳ್ನಿಲ್ಲ. ಅದು ನನ್ ತಪ್ಪು ಕಣವ್ವ."

"ಯಾಕೆ ಹೇಳ್ಲಿಲ್ಲ?"

"ಏಳುದ್ರೆ ಇವ್ನು ಬ್ಯಾಡ ಅಂತಿದ್ದ. ಇವ್ನು ಮೆಕ್ಯಾನಿಕ್ಕು, ನಾನ್ ಡ್ರೈವರ್ರು. ನನ್ ಮಾತ್ಯಾರ್ ಕೇಳಾರು? ಪಾಪಮ್ಮಂಗೆ ಇನ್ನೊಂದ್ ಸಲ ಸರ್ದಿ ತಪ್ಪುದ್ರೆ ಜೀವಕ್ಕೇ ತೊಂದ್ರೆ ಅಂದಿದ್ರು ಡಾಕ್ಟ್ರು. ಅದ್ಕೇಯ."

"ನೋಡಿದ್ರಾ? ಒಪ್ಕೊಂಡ್ರು!" ಎಂದು ನಾನು ಸಭೆಯ ಕಡೆ ತಿರುಗಿದೆ. "ನಂಜನಗೂಡು ತಾಲ್ಲೂಕಲ್ಲಿ ಇಷ್ಟು ಬೇಗ ಬಗೆಹರಿದ ಕೇಸು ಇನ್ನೊಂದಿಲ್ಲ! ಮೇಡಮ್ಮೋರೇ, ಕೀ ನಿಮ್ಮ ಬ್ಯಾಗಿಗೆ ಹಾಕ್ಕೊಳಿ."

ಮೇಡಂ ಬ್ಯಾಗು ತೆರೆಯಲಿಲ್ಲ.

"ಸೋಡಾ ಹಾಕಿದ್ದು ಇವತ್ತು ಬೆಳಿಗ್ಗೆ. ಕಾರು ಕುದೀತಿರೋದು ಒಂದು ತಿಂಗಳಿಂದ. ಅದಿರ್ಲಿ, ಸೋಡಾ ಬಿಳೀದು. ನೀರು ಯಾಕೆ ಕೆಂಪಾಯ್ತು?"

ಸಭೆ ನನ್ನ ಮುಖ ನೋಡಿತು. ನಾನು ಹೊಂಗೆ ಮರ ನೋಡಿದೆ.

ಮೇಡಂ ಬಗ್ಗಿ, ತಣ್ಣಗಾದ ಕೆಂಪು ನೀರಿಗೆ ಬೆರಳದ್ದಿ ಮೂಗಿನ ಹತ್ತಿರ ತಂದರು. "ಚಿಕ್ಕಮಾದು, ಬಾ ಇಲ್ಲಿ. ಮೂಸು."

"ಎಂಜಿನ್ ವಾಸ್ನೆ."

"ಸರಿಯಾಗಿ ಮೂಸು."

"...ಸಾರಿನ ವಾಸ್ನೆ ಇದ್ದಂಗದೆ."

"ಯಾವ ಎಂಜಿನ್ನಪ್ಪಾ ಸಾರು ಕಾಯಿಸೋದು?"

ಅವರು ಚಲುವಮ್ಮನ ಕಡೆ ತಿರುಗಿ, ಒಂದು ಗಾಜಿನ ಲೋಟದಲ್ಲಿ ನೀರು, ಒಂದು ಚಿಟಿಕೆ ಅರಿಶಿನ ಬೇಕಿತ್ತು ಎಂದರು.

"ಒಂದ್ ಚಿಟ್ಕೆ ಯಾಕ್ರವ್ವ, ಡಬ್ಬಾನೇ ತತ್ತೀನಿ," ಎಂದರು ಚಲುವಮ್ಮ. "ನಮ್ಮತ್ತೆಗೆ ಲಕ್ವ ಒಡದಾಗ ಹೊತ್ಕಂಡ್ ಬಂದ್ ಕಾರಲ್ವ ಇದು? ಇವತ್ತು ಕೋಲು ಊರ್ಕಂಡು ಓಡಾಡ್ತಾವ್ಳೆ ನೋಡಿ. ಏನ್ ಬೇಕಾದ್ರೂ ಕೇಳಿ."

ಮೇಡಂ ಲೋಟದ ನೀರಿಗೆ ಅರಿಶಿನ ಉದುರಿಸಿ ಕಲಕಿದರು. ಹಳದಿ. ಬೆಟ್ಟಯ್ಯನ ಪೊಟ್ಟಣದಿಂದ ಒಂದು ಚಿಟಿಕೆ ಸೋಡಾ ಹಾಕಿದರು.

ನೀರು ಕಣ್ಣೆದುರೇ ಕೆಂಪಾಯಿತು. ನೆಲದ ಮೇಲಿದ್ದ ಅದೇ ಕೆಂಪು.

"ಅಯ್ಯೋ ಶಿವನೆ, ಆರ್ತಿಗೆ ಸುಣ್ಣ ಕದಡ್ದಂಗಾಯ್ತು!" ಎಂದರು ಚಲುವಮ್ಮ.

"ಅದೇ ಕಣಮ್ಮ. ಸುಣ್ಣ ಮಾಡೋ ಕೆಲಸಾನ ಸೋಡಾನೂ ಮಾಡತ್ತೆ. ಏಳನೇ ಕ್ಲಾಸಲ್ಲಿ ಮಾಡಿ ತೋರಿಸಿದ್ದೆ. ಚಿಕ್ಕಮಾದು, ಆವತ್ತು ನೀನೆಲ್ಲಿದ್ದೆ?"

"ತಾಲ್ಲೂಕು ಮಟ್ಟದ ಕ್ರಿಕೆಟ್..."

"ಶಾಲೆ ಹಿಂದಿನ ಸೀಬೆ ಮರದ ಮೇಲಿದ್ದೆ. ಇಳಿಸಿದ್ದು ನಾನೇ."

ಜನ ನಕ್ಕರು. ಆದರೆ ಮೇಡಂ ನಗಲಿಲ್ಲ. "ಅಂದ್ರೆ ಬೆಟ್ಟಯ್ಯನೋರು ಸೋಡಾ ಹಾಕೋ ಮುಂಚೆಯೇ ಒಳಗೆ ಅರಿಶಿನ ಇತ್ತು. ಅವರ ಸೋಡಾ ಅದನ್ನ ಬಯಲಿಗೆ ತಂತು, ಅಷ್ಟೆ. ಈಗ ಪ್ರಶ್ನೆ ಒಂದೇ. ಅರಿಶಿನ ಹಾಕಿದ್ದು ಯಾರು?"

ನಾನು ಮೇಡಂ ಕಣ್ಣು ತಪ್ಪಿಸಿ ಸ್ಪ್ಯಾನರ್ ಒರೆಸತೊಡಗಿದೆ. ಆದರೂ ಪತ್ತೇದಾರನ ಮೆದುಳು ಸುಮ್ಮನಿರುತ್ತದೆಯೇ? ಒಂದೇ ಉಸಿರಿನಲ್ಲಿ ಹನ್ನೆರಡು ಅನುಮಾನಿತರ ಹೆಸರು ಹೇಳಿದೆ. ಗಿರಾಕಿ ಕಳೆದುಕೊಂಡ ಆಟೋದವರು, ಹಳೇ ಕಾರು ಕೊಳ್ಳಲು ಕಾದಿರುವ ಗುಜರಿಯವನು, ಹೊರರಾಜ್ಯದ ಅರಿಶಿನ ವ್ಯಾಪಾರಿಗಳ ಒಂದು ರಹಸ್ಯ ಕೂಟ.

"ರೇಡಿಯೇಟರ್ ಯಾರೂ ಮುಟ್ಬೇಡಿ! ಬೆರಳಚ್ಚು ಇರ್ತದೆ! ಮೈಸೂರಿಗೆ ಕಳಿಸ್ಬೇಕು!"

"ಮುಟ್ದೆ ಎಂಗಪ್ಪ ರಿಪೇರಿ ಮಾಡದು?" ಎಂದು ಬೆಟ್ಟಯ್ಯ ಅದರ ಮೇಲೆ ಕೈಯಿಟ್ಟರು. ಮೊದಲು ಮೇಲ್ಗಡೆ, ಆಮೇಲೆ ಕೆಳಗಡೆ. "ಮುಟ್ ನೋಡಿ ಮೇಡಮ್ಮೋರೆ. ಮ್ಯಾಲೆ ಇನ್ನೂ ಸುಡ್ತಾದೆ. ಕೆಳ್ಗೆ ತಣ್ಗದೆ. ಎಂಜಿನ್ನಿಂದ ಬಂದ ಬಿಸಿನೀರು ಕೆಳಕ್ಕಿಳಿದು ಆರಬೇಕಲ್ವ? ನಡ್ವೆ ಕೊಳವೆ ಕಟ್ಕಂಡದೆ, ಇಳೀತಿಲ್ಲ. ಊರೊಳ್ಗೆ ಮೆಲ್ಗೆ ಓಡ್ಸುದ್ರೆ ಎಂಗೋ ಸಾಕಾಯ್ತದೆ. ದೂರ ಓಡ್ಸುದ್ರೆ ಕುದೀತದೆ."

ಇದು ನಾನು ಹೇಳಬೇಕಾಗಿದ್ದ ಮಾತು. ಸತ್ಯವಾಗಿಯೂ ನನಗೆ ಗೊತ್ತಿತ್ತು. ಇಪ್ಪತ್ತೈದು ನಿಮಿಷದ ಹಿಂದೆ ಮುಟ್ಟಿದಾಗಲೇ ಗೊತ್ತಾಗಿತ್ತು.

ಬೆಟ್ಟಯ್ಯ ನೀರು ಬಸಿದರು. ಪೈಪು ಬಿಚ್ಚಿ, ಬೋಲ್ಟು ತೆಗೆದು, ರೇಡಿಯೇಟರನ್ನು ಮಗುವಿನಂತೆ ಎತ್ತಿ ನೆಲಕ್ಕಿಟ್ಟರು. ಒಂದು ಬೋಲ್ಟು ತುಕ್ಕು ಹಿಡಿದು ಒಂದೂವರೆ ಗಂಟೆ ಸತಾಯಿಸಿತು. ನಾನು ಸ್ಪ್ಯಾನರ್ ಕೊಡುತ್ತ, ಪ್ರತಿ ಬೋಲ್ಟಿಗೂ ಅರ್ಧ ಗಂಟೆ ತಡಮಾಡುವುದು ಹೇಗೆಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಪಾಪಮ್ಮ ಹೊರಬಂದರು. ಮುಖ ಸೋತಿತ್ತು. ಕಣ್ಣು ಮಾತ್ರ ಬೆಳಗಿಗಿಂತ ತಿಳಿಯಾಗಿತ್ತು. ಬಿಚ್ಚಿ ಬಿದ್ದಿದ್ದ ಕಾರನ್ನು ನೋಡಿ ಗಾಬರಿಯಾಗಲಿಲ್ಲ. ಅದರ ಬಾಗಿಲಿಗೆ ಅಂಗೈಯೊತ್ತಿ ಕಣ್ಣಿಗೊತ್ತಿಕೊಂಡರು.

"ನನ್ ಸಲ್ವಾಗಿ ಇದೂ ಸುಸ್ತಾಗೋಯ್ತು ಪಾಪ. ಬೆಟ್ಟಣ್ಣ, ನೀನಿಲ್ದಿದ್ರೆ ನಾನು ಓದ್ ವರ್ಷವೇ ಓಗ್ಬುಡ್ತಿದ್ದೆ ಕಣಪ್ಪ. ನಿಮ್ಮಿಬ್ರ ಋಣ ಯಾವ್ ಜಲ್ಮಕ್ ತೀರ್ಸ್ಲಿ?"

"ಋಣ ಗಿಣ ಏನಿಲ್ಲ, ಮನೇಗೋಗಿ ಮಲಿಕ," ಎಂದರು ಬೆಟ್ಟಯ್ಯ. ಕೀ ತಮ್ಮ ಹತ್ತಿರ ಇಲ್ಲವೆಂದು ಅವರು ಪಾಪಮ್ಮನಿಗೆ ಹೇಳಲಿಲ್ಲ.

ಕಾದು ಕೂರುವುದು ಬೇಡವೆಂದು ವನಜಾಕ್ಷಿ ತಮ್ಮೂರಿನ ಕೃಷ್ಣಕುಮಾರನಿಗೆ ಫೋನ್ ಮಾಡಿದ್ದಳು. ಏನೋ ಕೆಲಸಕ್ಕೆ ನರಸೀಪುರಕ್ಕೆ ಬಂದಿದ್ದ ಅವನ ನೀಲಿ ವ್ಯಾನು ಗೇಟಿನೊಳಗೆ ಬಂತು. ಇಬ್ಬರೂ ಹತ್ತಿದರು. ಪಾಪಮ್ಮ ಕಿಟಕಿಯಿಂದ ಕೈಯೆತ್ತಿ ನನ್ನನ್ನೂ ಹರಸಿದರು. ನಾನು ಕೈಮುಗಿದೆ. ಏನೋ ಹೇಳಲು ಬಾಯಿ ತೆರೆದು, ಸೆಕೆಯೆಂದು ಬೆವರು ಒರೆಸಿಕೊಂಡೆ. ವ್ಯಾನು ಹೊರಟುಹೋಯಿತು.

ಚಲುವಮ್ಮನ ಮೆಸ್ಸಿನ ನಲ್ಲಿಯಿಂದ ಪೈಪು ಬಂತು. ಬೆಟ್ಟಯ್ಯ ಅದನ್ನು ರೇಡಿಯೇಟರಿನ ಕೆಳಬಾಯಿಗೆ ಕೊಟ್ಟರು. ನೀರು ಹರಿಯುವ ದಾರಿಗೆ ಉಲ್ಟಾ, ಕೆಳಗಿನಿಂದ ಮೇಲಕ್ಕೆ. ಹಾಗೆ ಬಿಟ್ಟರೆ ಕಟ್ಟಿದ ಕಸ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಮೊದಲು ಏನೂ ಬರಲಿಲ್ಲ. ಒಂದು ಕೆಮ್ಮು. ಇನ್ನೊಂದು. ಆಮೇಲೆ ಹೂರಣದ ಉಂಡೆಯಂಥದ್ದು ದಪದಪ ಬಿತ್ತು. ಅದರ ಹಿಂದೆ ಕೆಂಪು ನೀರು, ಕಂದು ನೀರು, ಹಳದಿ ನೀರು. ಕೊನೆಗೆ ಹೊಳೆಯ ನೀರಿನಂತೆ ತಿಳಿ.

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಆಗಲೇ ರೇಡಿಯೇಟರಿನ ಕೆಳ ಅಂಚಿನಿಂದ ಸೂಜಿಯಷ್ಟು ಸಣ್ಣ ಒಂದು ಕಾರಂಜಿ ಚಿಮ್ಮಿತು. ನೇರವಾಗಿ ನನ್ನ ಅಂಗಿಗೆ.

ಮೇಡಂ ನಲ್ಲಿ ನಿಲ್ಲಿಸಲು ಸನ್ನೆ ಮಾಡಿದರು. ಕುಕ್ಕರುಗಾಲಿನಲ್ಲಿ ಕೂತು, ಸೆರಗಿನಿಂದ ಅಂಚನ್ನು ಒರೆಸಿ ನೋಡಿದರು.

"ದೀಪಾವಳಿಗೆ ಮುಂಚೆ ಸೋರ್ತಿದ್ದಿದ್ದು ಇಲ್ಲೇ ಅಲ್ವಾ?"

"ಹೌದು ಮೇಡಮ್ಮೋರೇ."

"ನೀನು ಬೆಸುಗೆ ಹಾಕಿದ ಜಾಗ?"

"ಹೌ... ಹೂಂ."

"ಬರೀ ಹಿತ್ತಾಳೆ ಇದೆ. ಬೆಸುಗೆ ಎಲ್ಲಿ?"

ಕಪಿಲೆ, ಕಾವೇರಿ ಎರಡೂ ಒಟ್ಟಿಗೆ ನಿಂತುಹೋದಷ್ಟು ನಿಶ್ಶಬ್ದ. ಇದು ಅತಿಶಯೋಕ್ತಿಯಲ್ಲ. ಹಣ್ಣಿನ ಗಾಡಿಯವನು ಸುಲಿಯುತ್ತಿದ್ದ ಬಾಳೆಹಣ್ಣನ್ನೂ ಹಾಗೇ ಹಿಡಿದಿದ್ದ.

"ನಂಗೆ ಬೆಸುಗೆ ಹಾಕಕ್ ಬರಾಕಿಲ್ಲ," ಎಂದೆ.

ಶೆಡ್ಡಿನ ಬೋರ್ಡಿನ ಮೇಲೆ 'ಎಲ್ಲ ಬಗೆಯ ಬೆಸುಗೆ' ಎಂದು ಬರೆಸಿದ್ದು ನಾನೇ. ಬರೆಸಿದರೆ ಬರುತ್ತದೆ ಅಂದುಕೊಂಡಿದ್ದೆ.

ಒಂದು ಸಲ ಬಾಯಿ ಬಿಟ್ಟಮೇಲೆ ಉಳಿದದ್ದೂ ಬಂತು. ದಾರಿ ನಡುವೆ ರೇಡಿಯೇಟರ್ ಸೋರಿದರೆ ಒಂದೆರಡು ಚಮಚ ಅರಿಶಿನ ಹಾಕುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಪುಡಿ ಹೋಗಿ ತೂತಿಗೆ ಕೂರುತ್ತದೆ, ಗಾಡಿ ಮನೆ ಮುಟ್ಟುತ್ತದೆ. ಆಮೇಲೆ ಬಿಚ್ಚಿ ತೊಳೆದು ಬೆಸುಗೆಗೆ ಕೊಡಬೇಕು. ನಾನು ಕೊಡಲಿಲ್ಲ. ಒಂದೆರಡು ಚಮಚವನ್ನೂ ಹಾಕಲಿಲ್ಲ. ಅರ್ಧ ಕೆಜಿ ಸುರಿದೆ. ಕಾರು ಸರ್ವಿಸಿಗೆ ಬಂದಾಗಲೆಲ್ಲ ಇನ್ನೊಂದೊಂದು ಹಿಡಿ.

"ಮೈಸೂರಲ್ಲಿ ಬೆಸುಗೆ ಹಾಕೋರಿದ್ರಲ್ಲೋ. ಹೇಳಿದ್ರೆ ಕಳಿಸ್ತಿದ್ದೆ," ಎಂದರು ಮೇಡಂ. ಬೈಗುಳಕ್ಕಿಂತ ಆ ಮೆಲುದನಿ ಕಷ್ಟವಾಯಿತು.

"ಬೇರೆಯೋರ ಕೈಗೆ ಕೊಡಕ್ಕೆ ಮನಸ್ ಬರ್ನಿಲ್ಲ. ನಮ್ ಮಗ್ಳು ಕವನ ಹುಟ್ಟೋ ದಿನ ನಾಗರತ್ನಂಗೆ ರಕ್ತ ನಿಲ್ತಿರ್ನಿಲ್ಲ. ಹುಲ್ಲಹಳ್ಳಿಯಿಂದ ಈ ಕಾರಲ್ಲೇ ಕರ್ಕೊಂಡ್ ಬಂದ್ರಿ. ಇನ್ನೊಂದ್ ಅರ್ಧ ಗಂಟೆ ತಡ ಆಗಿದ್ರೆ ಇಬ್ರೂ ಇರ್ತಿರ್ನಿಲ್ಲ ಅಂದ್ರು. ಈ ಕಾರಿಗೆ ಏನಾರ ಆದ್ರೆ ನನ್ ಕೈಯಿಂದ್ಲೇ ಸರಿಯಾಗ್ಲಿ ಅಂತ ಆಸೆ. ಬರಾಕಿಲ್ಲ ಅಂತ ಯೋಳಕ್ಕೆ ನಾಲ್ಗೆ ಏಳ್ನಿಲ್ಲ."

ಹೇಳುತ್ತಿದ್ದ ಹಾಗೇ ಇನ್ನೊಂದು ಸಂಗತಿ ನನ್ನ ಎದೆಗೆ ಒದ್ದಂತೆ ನೆನಪಾಯಿತು. ಆ ದಿನ ಸ್ಟೇರಿಂಗ್ ಹಿಡಿದಿದ್ದವರು ಬೆಟ್ಟಯ್ಯ. ಕಾಲುವೆ ಏರಿಯ ಮೇಲೆ, ನನ್ನ ಹೆಂಡತಿಯ ತಲೆ ಒಂದು ಸಲವೂ ಕುಲುಕದ ಹಾಗೆ ಓಡಿಸಿಕೊಂಡು ಬಂದವರು. ಅವರ ಚೀಲವನ್ನೇ ನಾನು ಹತ್ತು ಜನರ ಮುಂದೆ ಬಿಚ್ಚಿದ್ದೆ.

ಅವರ ಕಾಲು ಮುಟ್ಟಹೋದೆ. ಅವರು ತೋಳು ಹಿಡಿದು ಎತ್ತಿದರು.

"ಬುಡ್ಲಾ ಅತ್ಲಾಗೆ. ನೀನ್ ಕೆಟ್ಟೋನಲ್ಲ. ಕೈ ಒಸಿ ದೊಡ್ದು, ಬಾಯಿ ಅದ್ಕಿಂತ ದೊಡ್ದು."

ಮೇಡಂ ಎದ್ದು ನಿಂತು, ಕೀಯನ್ನು ಎರಡೂ ಕೈಯಲ್ಲಿ ಬೆಟ್ಟಯ್ಯನಿಗೆ ಕೊಟ್ಟರು. "ಒಂದು ಗಳಿಗೆ ನಿಮ್ಮನ್ನ ಅನುಮಾನಿಸಿದೆ. ತಪ್ಪಾಯ್ತು ಬೆಟ್ಟಯ್ಯನೋರೇ. ನೀವು ಸೋಡಾ ಹಾಕ್ದೇ ಇದ್ದಿದ್ರೆ ಇದು ಎಂದಿಗೂ ಗೊತ್ತಾಗ್ತಿರ್ಲಿಲ್ಲ."

ಬೆಟ್ಟಯ್ಯ ಕೀಯನ್ನು ಜೇಬಿಗಿಳಿಸಿ, ಕಣ್ಣೊರೆಸಿಕೊಂಡು, ಏನೋ ಹೊಳೆದವರಂತೆ ನನ್ನತ್ತ ತಿರುಗಿದರು.

"ಲೇ ಮಾದು. ಇನ್ಯಾವ್ ಗಾಡಿಗೂ ಆಕಿಲ್ಲ ತಾನೇ?"

ಇಲ್ಲ ಎನ್ನಬಹುದಿತ್ತು. ನನ್ನ ಸುಳ್ಳುಗಳಲ್ಲಿ ಅದು ತೀರ ಸಣ್ಣದಾಗುತ್ತಿತ್ತು.

"ಒಂದಕ್ಕೆ," ಎಂದೆ. "ಮೊನ್ನೆ."

"ಯಾವ್ದಕ್ಕೋ?" ಎಂದರು ಮೇಡಂ.

"ಕೃಷ್ಣಕುಮಾರನ ವ್ಯಾನಿಗೆ. ಗೇಟೊಳಗೆ ಬಂದಾಗ್ಲೇ ಗುರುತು ಸಿಕ್ತು. ಬಾಯಿ ಬಿಟ್ರೆ ನಾನು ಸಿಕ್ಕಾಕೊಳ್ತೀನಿ ಅಂತ ಸುಮ್ನಾದೆ."

ಬೆಟ್ಟಯ್ಯ ರಸ್ತೆಯ ಕಡೆ ನೋಡಿದರು. ಮೂರೂವರೆಯ ಬಿಸಿಲಿಗೆ ಡಾಂಬರು ಅಲೆಯಲೆಯಾಗಿ ಕಾಣುತ್ತಿತ್ತು. ಆ ರಸ್ತೆಯಲ್ಲಿ ಎಲ್ಲೋ ಪಾಪಮ್ಮ ಕಿಟಕಿಗೆ ತಲೆಯಾನಿಸಿ ಮಲಗಿರಬೇಕು. ಇಲ್ಲಿ ನಮ್ಮ ಕಾರು ರೇಡಿಯೇಟರ್ ಇಲ್ಲದೆ ಬಾಯಿ ತೆರೆದು ನಿಂತಿತ್ತು.

"ಎಷ್ಟು ಹಾಕಿದ್ದೆ?" ಮೇಡಂ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು.

'ಎರಡು ಚಮಚ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಇದ್ದದ್ದಕ್ಕಿಂತ ಕಮ್ಮಿ ಹೇಳಬೇಕು ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತ್ತು.

"ಮುಕ್ಕಾಲು ಕೆಜಿ, ಮೇಡಮ್ಮೋರೇ," ಎಂದೆ. "ತಕ್ಕಡೀಲಿ ತೂಗಿ ಹಾಕಿದ್ದೆ."